ಪಿಯುಸಿ ಕಾಂಬಿನೇಷನ್: ಬಳಸುವ ಮುನ್ನ ಓದಿ

ಬೇಕಾದ ಸಾಮಗ್ರಿ: ಎಸ್ಸೆಸ್ಸೆಲ್ಸಿ ಅಂಕಪಟ್ಟಿ ಒಂದು, ದೊಡ್ಡಪ್ಪ ಒಬ್ಬರು, ಬೆಂಗಳೂರಿನ ನೆಂಟರು ಸಿಕ್ಕಷ್ಟು. ಓದಬೇಕಾದ ಹುಡುಗಿ ಆ ಹೊತ್ತಿಗೆ ಗೋಣಿಬೀಡು ಪೇಟೆಗೆ ಹೋಗಿದ್ದರೂ ಅಡ್ಡಿಯಿಲ್ಲ.

ಮೊದಲು ಪಿಸಿಎಂಬಿ ಎಂದು ತೀರ್ಮಾನಿಸಿ, ಆಮೇಲೆ ಚರ್ಚೆ ಶುರುಮಾಡಿ. ಗಣಿತ ಇರುವುದರಿಂದ ಎಂಜಿನಿಯರಿಂಗ್ ಉಳಿಯಿತು, ಜೀವಶಾಸ್ತ್ರ ಇರುವುದರಿಂದ ನೀಟ್ ಉಳಿಯಿತು. ಮುಖ್ಯವಾಗಿ, ಎರಡು ವರ್ಷ ಯಾರೂ ಏನನ್ನೂ ನಿರ್ಧರಿಸಬೇಕಿಲ್ಲ. ನೀಟ್‌ನ 720 ಅಂಕಗಳಲ್ಲಿ 360 ಜೀವಶಾಸ್ತ್ರದ್ದೇ. ಅದನ್ನು ಬಿಟ್ಟು ಕಂಪ್ಯೂಟರ್ ಸೈನ್ಸ್ ಹಿಡಿದರೆ ಅತ್ತೆ, “ಹಂಗಾರೆ ಡಾಕ್ಟ್ರು ಆಗಲ್ವಾ?” ಎನ್ನುತ್ತಾರೆ. ಕಾಮರ್ಸ್ ಎಂದರೆ ಮಾರ್ಕ್ಸ್ ಎಷ್ಟು ಬಂತೆಂದು ವಿಚಾರಿಸುತ್ತಾರೆ. ಆರ್ಟ್ಸ್ ಎಂದು ಜೋರಾಗಿ ಹೇಳಬೇಡಿ.

ಎಚ್ಚರಿಕೆ: ಎಂಜಿನಿಯರಿಂಗ್ ರ‍್ಯಾಂಕಿಗೆ ಪಿಯುಸಿ ಅಂಕ ಅರ್ಧ, ಸಿಇಟಿ ಅರ್ಧ. ಸಿಇಟಿಯಲ್ಲಿ ಒಂದೊಂದು ವಿಷಯಕ್ಕೆ 60 ಪ್ರಶ್ನೆ, 80 ನಿಮಿಷ. ಅದಕ್ಕೇ ಚಾರ್ಮಾಡಿ ಘಾಟಿ ಇಳಿಸಿ ಮೂಡುಬಿದಿರೆಯ ಹಾಸ್ಟೆಲಿಗೆ ಸೇರಿಸುವುದು. ಫೀಸು ಕಾಫಿ ರೇಟು ನೋಡಿ ಕಟ್ಟಿ.

ಈಗ ಹಳೇ ಕಾಗದ ಹುಡುಕಿ. ಒಂದರಿಂದ ಹತ್ತರವರೆಗೆ ಹಳ್ಳಿ ಶಾಲೆಯಲ್ಲೇ ಓದಿದ್ದರೆ ಸಿಇಟಿಯಲ್ಲಿ ಗ್ರಾಮೀಣ ಮೀಸಲಾತಿ ಶೇ. 15, ಅಷ್ಟೂ ವರ್ಷ ಕನ್ನಡ ಮಾಧ್ಯಮವಾದರೆ ಶೇ. 5. ಇಂಗ್ಲಿಷ್ ಚೆನ್ನಾಗಿ ಬರಲೆಂದು ಐದನೇ ಕ್ಲಾಸಿಗೇ ಹಾಸನಕ್ಕೆ ಕಳಿಸಿದ್ದರೆ ಎರಡೂ ಹೋಯಿತು. ಎಸ್ಟೇಟಿನ ಲೈನ್ ಮನೆಯಿಂದ ಮಳೆಯಲ್ಲಿ ಸರ್ಕಾರಿ ಶಾಲೆಗೆ ನಡೆದ ಹುಡುಗನ ಬಳಿ ಎರಡೂ ಇರುತ್ತವೆ. ಬಿಇಒ ಸಹಿ ಹಾಕಿಸಬೇಕೆಂದು ಅವನಿಗೆ ಹೇಳುವವರು ಮಾತ್ರ ಇರುವುದಿಲ್ಲ.

ಇನ್ನೊಂದು ಬಾಗಿಲಿದೆ. ದೊಡ್ಡಪ್ಪ ಅದರ ಸುದ್ದಿ ಎತ್ತುವುದಿಲ್ಲ, ತೋಟ ಬಿಡಿಸಲೆಂದೇ ತಾನೆ ಓದಿಸುತ್ತಿರುವುದು! ಪಕ್ಕದ ಮೂಡಿಗೆರೆಯಲ್ಲೇ ತೋಟಗಾರಿಕೆ ಕಾಲೇಜಿದೆ, ಸೀಟು ಸಿಇಟಿಯಲ್ಲೇ. ಜೀವಶಾಸ್ತ್ರ ಬೇಕು. ಕೃಷಿಕರ ಕೋಟಾ ಕೇಳಿದವರಿಗೆ ಪ್ರಾಯೋಗಿಕ ಪರೀಕ್ಷೆಯೂ ಉಂಟು: ಬೀಜ, ಗೊಬ್ಬರ, ಸಲಕರಣೆ ಮುಂದಿಟ್ಟು ಇದೇನು ಎಂದು ಕೇಳುತ್ತಾರೆ. ಹತ್ತು ವರ್ಷ ‘ತೋಟದ ಕಡೆ ಹೋಗ್ಬೇಡ, ಓದ್ಕೋ’ ಎಂದು ಬೆಳೆಸಿದವಳಿಗೆ ಹೆಸರುಕಾಳೂ ಉದ್ದೂ ಒಂದೇ ಥರ ಕಂಡೀತು.

ಮಗಳಿಗೆ ಅದರಲ್ಲಿ ಆಸೆಯಿದ್ದರೆ ಭಾನುವಾರ ಕೋಚಿಂಗ್ ಬಿಡಿಸಿ ಅಪ್ಪನ ಜೊತೆ ತೋಟಕ್ಕೆ ಕಳಿಸಿ. ನೆಂಟರು ಕೇಳಿದರೆ ನೀಟ್‌ಗೆ ಓದ್ತಿದಾಳೆ ಎನ್ನಿ.