ಕರ್ಷಣ ಮೀಮಾಂಸೆ, ಅಥವಾ ಕ್ಯಾಂಪರ್ ಕೊಂಡವರ ಕರ್ಮಕಾಂಡ

ಪೀಠಿಕೆ: ಅಮೆರಿಕದ ಕನ್ನಡಿಗನಿಗೆ ಆಶ್ರಮಗಳು ಐದು: ಎಚ್-1ಬಿ, ಗ್ರೀನ್ ಕಾರ್ಡ್, ಗೃಹಸಾಲ, ಕ್ಯಾಂಪರ್, ಸಂನ್ಯಾಸ. ನಾಲ್ಕನೆಯದರಿಂದ ಐದನೆಯದಕ್ಕೆ ದಾರಿ ಬಹಳ ಹತ್ತಿರ ಎಂಬುದೇ ಇಲ್ಲಿನ ಪ್ರತಿಪಾದ್ಯ.

ಪೂರ್ವಪಕ್ಷ: ‘ಈ ಟ್ರಕ್ಕು 10,000 ಪೌಂಡು ಎಳೆಯುತ್ತದೆ, ನಿಮ್ಮ ಕ್ಯಾಂಪರ್ ತುಂಬಿದರೂ 7,000, ಕಣ್ಣು ಮುಚ್ಚಿಕೊಂಡು ತಗೊಳ್ಳಿ’ ಎಂಬುದು ಷೋರೂಮ್ ಸಂಪ್ರದಾಯದವರ ವಾದ. ಎಳೆತದ ಅಂಕಿಗೆ ಪ್ರಮಾಣಗ್ರಂಥ ಎಸ್‌ಎಇ ಜೆ2807. ಆ ಶಾಸ್ತ್ರದ ಪ್ರಕಾರ ಈ ದರ್ಜೆಯ ಟ್ರಕ್ಕಿನಲ್ಲಿ ಕೂರುವವರು ತಲಾ 150 ಪೌಂಡಿನ ಇಬ್ಬರು. ಮಕ್ಕಳಿಲ್ಲ, ಅತ್ತೆಯಿಲ್ಲ, ಉಪ್ಪಿನಕಾಯಿ ಜಾಡಿಯಂತೂ ಇಲ್ಲವೇ ಇಲ್ಲ. ಇಂಥ ಸಂಸಾರವನ್ನು ಕಂಡವರುಂಟೆ?

ಸಿದ್ಧಾಂತ: ಸತ್ಯವಿರುವುದು ಬಣ್ಣದ ಕರಪತ್ರದಲ್ಲಲ್ಲ, ಡ್ರೈವರ್ ಬಾಗಿಲು ತೆರೆದರೆ ಚೌಕಟ್ಟಿಗೆ ಅಂಟಿಸಿದ ಹಳದಿ-ಬಿಳಿ ಚೀಟಿಯಲ್ಲಿ. ಟ್ರಕ್ಕು ಬೆನ್ನ ಮೇಲೆ ಹೊರಬಲ್ಲ ಭಾರ, ಅಂದರೆ ಪೇಲೋಡ್, ಅಲ್ಲಿದೆ. ಪ್ರಸ್ತುತ ಲೇಖಕನ ಚೀಟಿ ಹೇಳಿದ್ದು 1,500 ಪೌಂಡು. ಕ್ಯಾಂಪರಿನ ತೂಕದಲ್ಲಿ ಶೇ. 10ರಿಂದ 15ರಷ್ಟು ಟ್ರಕ್ಕಿನ ಹಿಂಗೊಂಡಿಯ, ಅಂದರೆ ಹಿಚ್ಚಿನ, ಮೇಲೆ ಕೂರಬೇಕು. ಕಡಿಮೆಯಾದರೆ? ಎತ್ತಿನಗಾಡಿ ಹೊಡೆದವರಿಗೆ ಭಾಷ್ಯ ಬೇಡ. ಹಿಂದೆ ಭಾರ ಹೆಚ್ಚಾದರೆ ಮೂಕಿ ಮೇಲೆದ್ದು ಎತ್ತಿನ ಕೊರಳು ಬಿಗಿಯುತ್ತದೆ. ಹೆದ್ದಾರಿಯಲ್ಲಾದರೆ ಕ್ಯಾಂಪರ್ ಬಾಲ ಬೀಸತೊಡಗಿ, ಎತ್ತು ಏರಿಗೆ, ಕೋಣ ನೀರಿಗೆ. ಆದ್ದರಿಂದ ಮೂಕಿಯ ಭಾರ 900, ಹಿಚ್ಚಿನ ಸಾಮಾನು 100, ನಾಲ್ವರು 550, ಒಟ್ಟು 1,550. ವೆಟ್ ಗ್ರೈಂಡರ್ ಇನ್ನೂ ಹೊಸಿಲು ದಾಟಿಲ್ಲ! ‘ಅರ್ಧ ಟನ್’ ಎಂಬ ಹೆಸರಿನ ಈ ಟ್ರಕ್ಕು ಮುಕ್ಕಾಲು ಟನ್ ಹೊತ್ತೂ ಸಾಲದಾದ್ದರಿಂದ, ‘ಮುಕ್ಕಾಲು ಟನ್’ ಎಂಬ ಹೆಸರಿನದೇ ಗತಿ. ಶಂಕೆಯಿದ್ದವರು ಟ್ರಕ್ ಸ್ಟಾಪಿನ ತಕ್ಕಡಿ ಏರಿ ನೋಡಲಿ.

ದುರಸ್ತಿಕಾಂಡ: ಹೊಸದಕ್ಕೂ ದುರಸ್ತಿಯೇ ಎಂಬುದು ಮುಗ್ಧರ ಪ್ರಶ್ನೆ. ಕ್ಯಾಂಪರ್ ಎಂದರೆ ಗಂಟೆಗೆ 60 ಮೈಲಿ ಓಡುತ್ತ ಭೂಕಂಪ ಅನುಭವಿಸುವ ಮನೆ. ಇಂಡಿಯಾನಾದ ಎಲ್ಕ್‌ಹಾರ್ಟ್ ಅದರ ತವರು. ಅಲ್ಲಿಂದ ಅಂಗಡಿ ತಲಪುವಷ್ಟರಲ್ಲಿ ಕೆಲವು ತಿರುಪುಗಳು ಮಾಲೀಕನಿಗಿಂತ ಮೊದಲೇ ಐದನೆಯ ಆಶ್ರಮ ಸೇರಿರುತ್ತವೆ. ಲೇಖಕನದು ಮೊದಲ ಮಳೆಗೇ ಸೋರಿತು. ಚಾವಣಿಯ ಗಾಳಿಕಿಂಡಿಯ ಸುತ್ತ ಬಳಿದ ಸೀಲೆಂಟಿನಲ್ಲಿ ಹುಣಸೆ ಬೀಜದಷ್ಟು ತೂತು. ಹಾಸಿಗೆಯ ಮೇಲೆ ಕುಕ್ಕರ್ ಇಟ್ಟು ರಾತ್ರಿಯಿಡೀ ಹನಿ ಎಣಿಸಿದ್ದಾಯಿತು. ಫ್ರಿಜ್ಜಿಗೊಂದು, ಆ್ಯಕ್ಸಲ್‌ಗೊಂದು, ಮೈಗೊಂದು ವಾರಂಟಿ. ಎತ್ತಿಗೆ ಜ್ವರ ಬಂದರೆ ಎಮ್ಮೆಗೆ ಬರೆ. ಆದ್ದರಿಂದ ವಿಧಿವಾಕ್ಯಗಳು: ಕೀಲಿಕೈ ಪಡೆಯುವ ಮುನ್ನ ನೀರು, ಕರೆಂಟು, ಗ್ಯಾಸು ಕೊಡಿಸಿ ಪ್ರತಿಯೊಂದನ್ನೂ ಓಡಿಸಿ ನೋಡತಕ್ಕದ್ದು. ಏಣಿ ಹಾಕಿ ಚಾವಣಿ ನೋಡತಕ್ಕದ್ದು. ಮೊದಲ 50 ಮೈಲಿಗೆ ಚಕ್ರದ ನಟ್ಟು ಮತ್ತೆ ಬಿಗಿಯತಕ್ಕದ್ದು. ಮೊದಲ ರಾತ್ರಿ ಮನೆ ಮುಂದೆಯೇ ಮಲಗತಕ್ಕದ್ದು. ಕಂಡ ದೋಷವನ್ನು ಫೋಟೊ ಸಮೇತ ಬರೆದೇ ತಿಳಿಸತಕ್ಕದ್ದು, ಬಾಯಿಮಾತು ಪ್ರಮಾಣವಲ್ಲ.

ಫಲಶ್ರುತಿ: ಇದನ್ನು ಕೊಳ್ಳುವ ಮುನ್ನ ಓದಿದವರಿಗೆ ದೊಡ್ಡ ಟ್ರಕ್ಕು, ಕೊಂಡ ಮೇಲೆ ಓದಿದವರಿಗೆ ಎರಡನೆಯ ಟ್ರಕ್ಕು ಪ್ರಾಪ್ತಿ. ಲೇಖಕನ ಕ್ಯಾಂಪರ್ ಮೇ ತಿಂಗಳಿಂದ ಡೀಲರನ ಅಂಗಳದಲ್ಲಿ ಸರದಿ ಕಾಯುತ್ತಿದೆ. ಟ್ರಕ್ಕು ಶನಿವಾರಕ್ಕೊಮ್ಮೆ ಇಂಡಿಯನ್ ಸ್ಟೋರಿಗೆ ಹೋಗಿ ಒಂದು ಕಟ್ಟು ಕರಿಬೇವು ತರುತ್ತದೆ. ಚೀಟಿಯ ಮಿತಿಯೊಳಗೇ.