ಸೆಪ್ಟೆಂಬರ್ 28, ಹೈದರಾಬಾದ್: ಒಂದು ತಾರೀಖಿನ ಸಂದರ್ಶನ

ಹೈದರಾಬಾದಿನ ಸೆಪ್ಟೆಂಬರ್ 28 ಮುಂಗಾರಿನ ಬಾಲದಲ್ಲಿ ಬರುವ ತಾರೀಖು. ಹಗಲಿನ ಬಿಸಿ ಮೂವತ್ತು ಡಿಗ್ರಿಯ ಆಸುಪಾಸು, ರಾತ್ರಿಯದು ಇಪ್ಪತ್ತೆರಡರ ಹತ್ತಿರ. ಮುಂಗಾರು ಊರು ಬಿಡುವುದು ಅಕ್ಟೋಬರಿನಲ್ಲಾದ್ದರಿಂದ ಕೊಡೆ ಹಿಡಿದು ಹೊರಟರೆ ಬಿಸಿಲು, ಬಿಟ್ಟು ಹೊರಟರೆ ಮಳೆ. ಹವಾಮಾನ ಇಲಾಖೆಯ ಪ್ರಕಾರ 2.5 ಮಿಲಿಮೀಟರಾದರೂ ಬೀಳದ ದಿನ ಮಳೆದಿನವೇ ಅಲ್ಲ. ಇಡೀ ಸೆಪ್ಟೆಂಬರಿಗೆ ಈ ಊರಿನ ಪಾಲಿಗೆ ಬರುವ ಮಳೆದಿನಗಳು ಹತ್ತರ ಆಸುಪಾಸು. ಆ ಲೆಕ್ಕದಲ್ಲಿ ಈ ತಾರೀಖಿನ ಸರದಿ ಮೂರು ವರ್ಷಕ್ಕೊಮ್ಮೆ ಬಂದರೆ ಹೆಚ್ಚು. ಇಂಥ ಸಪ್ಪೆ ತಾರೀಖನ್ನು ಹುಡುಕಿಕೊಂಡು ಹೋಗಿ ಸಂದರ್ಶಿಸುವುದಕ್ಕೆ ಕಾರಣ 1908ನೆಯ ಇಸವಿ, ಅದೊಂದೇ.

ಸಂದರ್ಶನಕ್ಕೆ ತಾರೀಖು ಒಪ್ಪಿದ್ದು ಒಂದು ಷರತ್ತಿನ ಮೇಲೆ. ದಾಖಲೆಯ ಅಂಕಿ ಕೇಳುವ ಮೊದಲು ಆ ಅಂಕಿಯನ್ನು ಬರೆಯುವ ಕ್ರಮ ಕೇಳಬೇಕು. ಕ್ರಮ ಹೀಗಿದೆ: ಬೆಳಿಗ್ಗೆ ಎಂಟೂವರೆಗೆ ವೀಕ್ಷಣಾಲಯದ ಸಿಬ್ಬಂದಿ ಮಳೆಮಾಪಕದ ಆಲಿಕೆ ತೆಗೆದು, ಒಳಗಿನ ಪಾತ್ರೆಯ ನೀರನ್ನು ಗೀಟು ಹಾಕಿದ ಗಾಜಿನ ಲೋಟಕ್ಕೆ ಸುರಿಯುತ್ತಾರೆ. ಲೋಟವನ್ನು ಕಣ್ಣಿನ ಮಟ್ಟಕ್ಕೆ ತಂದು, ಬಾಗಿದ ನೀರಿನ ಮೇಲ್ಮೈಯ ತಳ ಯಾವ ಗೀಟಿನಲ್ಲಿದೆ ಎಂದು ನೋಡುತ್ತಾರೆ. ಹಿಂದಿನ ಬೆಳಿಗ್ಗೆ ಎಂಟೂವರೆಯಿಂದ ಬಿದ್ದದ್ದೆಲ್ಲ ಅಂದಿನ ತಾರೀಖಿನ ಹೆಸರಿಗೆ ಜಮಾ. ಹಾಗಾಗಿ '28ರ ಮಳೆ' ಎಂದು ಬರೆದಿರುವುದರಲ್ಲಿ ಹದಿನೈದೂವರೆ ಗಂಟೆಯ ಪಾಲು 27ರದು, ಎಂಟೂವರೆ ಗಂಟೆಯ ಪಾಲು ಮಾತ್ರ 28ರದು.

"ಉಂಡು ಎದ್ದುಹೋಗುವುದು 27, ಬಿಲ್ಲು ಬರುವುದು ನನ್ನ ಹೆಸರಿಗೆ" ಎಂದು ತಾರೀಖು ಅಲವತ್ತುಕೊಂಡಿತು. ಅದರ ಸ್ವಂತ ಸಂಜೆಯ ಮಳೆ ಇದೇ ಕ್ರಮದಲ್ಲಿ 29ರ ಖಾತೆಗೆ ಹೋಗುವುದಲ್ಲವೇ ಎಂದು ಕೇಳಿದಾಗ ಕುಡಿಯಲು ನೀರು ತರಿಸಿಕೊಂಡಿತು.

1908ರ ಸಂಗತಿ ಇದು. ಬಂಗಾಳ ಕೊಲ್ಲಿಯ ಕಡೆಯಿಂದ ಬಂದ ಚಂಡಮಾರುತದ ಮಳೆ ಸೆಪ್ಟೆಂಬರ್ ಕೊನೆಯ ವಾರದಲ್ಲಿ ಹೈದರಾಬಾದಿನ ಮೇಲೂ ಪಶ್ಚಿಮದ ಬಯಲಿನ ಮೇಲೂ ಸುರಿಯಿತು. ಸೆಪ್ಟೆಂಬರ್ 28ರಂದು ಮೂಸಿ ನದಿ ಊರೊಳಗೆ ಹೊಕ್ಕಿತು. ಅಫ್ಜಲ್, ಮುಸಲ್ಲಂ ಜಂಗ್, ಚಾದರ್‌ಘಾಟ್ ಸೇತುವೆಗಳು ಹೋದವು. ಎರಡು ದಡಗಳ ನಡುವೆ ಉಳಿದದ್ದು 1578ರಲ್ಲಿ ಕಟ್ಟಿದ್ದ ಪುರಾನಾ ಪುಲ್. ಸತ್ತವರು ಸುಮಾರು 15,000 ಎಂಬುದು ರೂಢಿಯಲ್ಲಿರುವ ಅಂದಾಜು. ಉರ್ದು ಕವಿ ಅಮ್ಜದ್ ಹೈದರಾಬಾದಿಯ ತಾಯಿ, ಹೆಂಡತಿ, ಮಗಳು ಮೂವರೂ ಕೊಚ್ಚಿಹೋದರು. ಮನೆಯಲ್ಲಿ ಉಳಿದದ್ದು ಕವಿಯೊಬ್ಬರೇ. ಅಫ್ಜಲ್‌ಗಂಜಿನಲ್ಲಿ, ಈಗಿನ ಉಸ್ಮಾನಿಯಾ ಆಸ್ಪತ್ರೆಯ ಆವರಣದಲ್ಲಿರುವ ಹುಣಸೆಮರ ಹತ್ತಿ ಸುಮಾರು 150 ಜನ ಜೀವ ಉಳಿಸಿಕೊಂಡರೆಂದು ಊರು ಹೇಳುತ್ತದೆ. ಸೆಪ್ಟೆಂಬರ್ 28ರಂದು ನಾಗರಿಕರು ಆ ಮರದ ಕೆಳಗೆ ಸೇರಿ ಸತ್ತವರನ್ನು ನೆನೆಯುವುದೂ ಉಂಟು. ಆರನೆಯ ನಿಜಾಮ ಮಹಬೂಬ್ ಅಲಿ ಖಾನ್ ನದಿಗಿಳಿದು ಬಾಗಿನ ಕೊಟ್ಟು ಆರತಿ ಎತ್ತಿದ ಮೇಲೆ ನೀರು ಇಳಿಯಿತೆಂಬ ಕಥೆಯೂ ಇದೆ. ಮಳೆಮಾಪಕದಲ್ಲಿ ಆರತಿ ದಾಖಲಾಗುವುದಿಲ್ಲ ಎಂದಷ್ಟೇ ಹೇಳಿ ತಾರೀಖು ಮುಂದಿನ ಪ್ರಶ್ನೆಗೆ ಹೋಯಿತು.

ಮುಂದಿನದು ಮುಜುಗರದ ಪ್ರಶ್ನೆ. ಅಷ್ಟೆಲ್ಲ ಅನಾಹುತಕ್ಕೆ ನಗರದ ದಾಖಲೆಯಲ್ಲಿರುವ ಮಳೆ 24 ಗಂಟೆಗೆ 15 ಸೆಂಟಿಮೀಟರ್ ಆಸುಪಾಸು. ಅದು ಸೆಪ್ಟೆಂಬರ್ ಮಟ್ಟಿಗೆ ದೊಡ್ಡದು, ಊರಿನ ಮಟ್ಟಿಗೆ ಅಲ್ಲ. 2000ದ ಆಗಸ್ಟ್ 24ರಂದು 241.5 ಮಿಲಿಮೀಟರ್ ಬಿದ್ದಿದೆ. 2020ರ ಅಕ್ಟೋಬರ್ 14ರ ಬೆಳಿಗ್ಗೆ ಬೇಗಂಪೇಟೆಯಲ್ಲಿ ಅಳೆದದ್ದು ಸುಮಾರು 192. ಆ ಎರಡು ಸಲವೂ ಬಡಾವಣೆಗಳು ಮುಳುಗಿದವು, ಸಾವುಗಳೂ ಆದವು. ಆದರೆ 1908ರ ಪ್ರಳಯದ ಪಕ್ಕಕ್ಕೆ ಅವನ್ನು ಯಾರೂ ಇಡುವುದಿಲ್ಲ. ಕಡಿಮೆ ಮಳೆಗೆ ಹೆಚ್ಚು ಹೆಸರು ಬಂದದ್ದು ಹೇಗೆ?

"ನನ್ನ ಮಳೆ ಬಿದ್ದದ್ದು ಬೇರೆ ಕಡೆ" ಎಂದು ಉತ್ತರ ಬಂತು.

ಉತ್ತರ ನುಣುಚಿಕೊಳ್ಳುವಂತೆ ಕಂಡರೂ ಸರಿಯಾಗಿಯೇ ಇದೆ. ನಗರದ ನೈರುತ್ಯಕ್ಕಿರುವ ಶಂಷಾಬಾದಿನಲ್ಲಿ ಆಗ 24 ಗಂಟೆಯಲ್ಲಿ 12.8 ಇಂಚು, 48 ಗಂಟೆಯಲ್ಲಿ 18.9 ಇಂಚು ಮಳೆಯಾಗಿತ್ತು. ಇಂದಿನ ಅಳತೆಯಲ್ಲಿ ಸುಮಾರು 325 ಮತ್ತು 480 ಮಿಲಿಮೀಟರ್. ಮೂಸಿಯ ಜಲಾನಯನದಲ್ಲಿ 788 ಕೆರೆಗಳಿದ್ದವು, ಸರಾಸರಿ ಚದರ ಮೈಲಿಗೊಂದರಂತೆ. ಅವುಗಳಲ್ಲಿ 221 ಒಡೆದವು. ಮೇಲಿನ ಕೆರೆಯ ಏರಿ ಒಡೆದ ನೀರು ಕೆಳಗಿನ ಕೆರೆಯ ಏರಿಗೆ ಹೊಡೆಯಿತು. ಹೈದರಾಬಾದಿಗೆ ಬರುವ ಹೊತ್ತಿಗೆ ಪ್ರವಾಹ ಸೆಕೆಂಡಿಗೆ 4,25,000 ಘನ ಅಡಿ ಮುಟ್ಟಿತ್ತು. ನಗರದ ಮಳೆಮಾಪಕಕ್ಕೆ ಇದಾವುದೂ ಗೊತ್ತಾಗುವಂತಿರಲಿಲ್ಲ. ತನ್ನ ಬಾಯಿಗೆ ನೇರ ಬಿದ್ದ ನೀರಷ್ಟೇ ಅದರ ಲೆಕ್ಕ. ಬುಡಕ್ಕೆ ಹರಿದು ಬಂದ ನೀರು ಎಷ್ಟಿದ್ದರೂ ಸೊನ್ನೆ. ಮಳೆ ದಾಖಲೆಯ ಪಟ್ಟಿಯ ಬೇರೆ ಬೇರೆ ಇಸವಿಗಳನ್ನು ಒಂದೇ ತಕ್ಕಡಿಯಲ್ಲಿ ತೂಗುವ ಮೊದಲು ಇನ್ನೊಂದನ್ನೂ ನೆನೆಯಬೇಕು: ಬೇಗಂಪೇಟೆಯ ವಿಮಾನ ನಿಲ್ದಾಣದಲ್ಲಿ ಹವಾಮಾನ ಅಳೆಯುವ ಮಾತಿರಲಿ, 1908ರಲ್ಲಿ ಅಲ್ಲಿ ವಿಮಾನ ನಿಲ್ದಾಣವೇ ಇರಲಿಲ್ಲ. ಪ್ರಳಯಕ್ಕೆ ನೂರು ವರ್ಷ ತುಂಬಿದ 2008ರಲ್ಲಿ ಆ ನಿಲ್ದಾಣದ ವಾಣಿಜ್ಯ ಪ್ರಯಾಣಿಕ ವಿಮಾನಗಳೆಲ್ಲ ಶಂಷಾಬಾದಿಗೇ ಹೋದದ್ದು ಕಾಕತಾಳೀಯ. ತಾರೀಖು ಮಾತ್ರ ಇದನ್ನು ತನಗೆ ತಡವಾಗಿ ಸಿಕ್ಕ ನ್ಯಾಯ ಎಂದು ನಂಬಿದೆ.

ಕೆರೆಗಳ ಲೆಕ್ಕ, ಪ್ರವಾಹದ ಲೆಕ್ಕ ಎರಡೂ ಎಂ. ವಿಶ್ವೇಶ್ವರಯ್ಯನವರದು. ಈ ಹೆಸರು ಬಂದ ಕೂಡಲೇ ತಾರೀಖಿನ ದನಿ ಬದಲಾಯಿತು. ಬೊಂಬಾಯಿ ಸರ್ಕಾರದ ಕೆಲಸ ಬಿಟ್ಟು ಯುರೋಪ್ ಸುತ್ತುತ್ತಿದ್ದವರಿಗೆ ನಿಜಾಮ ಸರ್ಕಾರದ ಕರೆ ಹೋಯಿತು. 1909ರಲ್ಲಿ ಹೈದರಾಬಾದಿಗೆ ಬಂದು, ಜಲಾನಯನವನ್ನು ಅಳೆಯಿಸಿ, ನಗರದ ಮೇಲ್ಭಾಗದಲ್ಲಿ ಮೂಸಿಗೊಂದು, ಅದರ ಉಪನದಿ ಈಸಿಗೊಂದು ಜಲಾಶಯ ಕಟ್ಟಬೇಕೆಂದು ಅದೇ ವರ್ಷ ವರದಿ ಕೊಟ್ಟರು. ನವೆಂಬರಿನಲ್ಲಿ ಮೈಸೂರಿನ ಮುಖ್ಯ ಎಂಜಿನಿಯರರಾಗಿ ಹೊರಟರು. ಮೂಸಿಯ ಉಸ್ಮಾನ್ ಸಾಗರ 1920ರಲ್ಲಿ, ಈಸಿಯ ಹಿಮಾಯತ್ ಸಾಗರ 1927ರಲ್ಲಿ ಮುಗಿದವು.

"ಅವರನ್ನು ಈ ಊರಿಗೆ ಕರೆಸಿದ್ದು ನಾನು. ಆದರೆ ಹಾರ ಬೀಳುವುದು ಸೆಪ್ಟೆಂಬರ್ 15ಕ್ಕೆ!" ಎಂದು ತಾರೀಖು ಕುದಿಯಿತು. 15 ಅವರ ಹುಟ್ಟಿದ ದಿನ, ದೇಶದ ಎಂಜಿನಿಯರುಗಳ ದಿನ. 17ನ್ನು ನಿಜಾಮ ಸಂಸ್ಥಾನದ ಜಿಲ್ಲೆಗಳಾಗಿದ್ದ ಬೀದರ, ಕಲಬುರಗಿ, ರಾಯಚೂರಿನವರು ಸಂಸ್ಥಾನ ಭಾರತಕ್ಕೆ ಸೇರಿದ 1948ನ್ನು ನೆನೆದು ಧ್ವಜ ಹಾರಿಸಿ ಆಚರಿಸುತ್ತಾರೆ. ಎರಡೂ ದಿನ ಎಷ್ಟು ಮಳೆ ಬಿತ್ತೆಂದು ಯಾರೂ ಕೇಳುವುದಿಲ್ಲ. ಹವಾಮಾನಕ್ಕಾಗಿಯೇ ನೆನೆಸಿಕೊಳ್ಳುವ ತಾರೀಖಿಗೆ ಧ್ವಜವೂ ಇಲ್ಲ, ಹಾರವೂ ಇಲ್ಲ, ರಜೆಯಂತೂ ಇಲ್ಲವೇ ಇಲ್ಲ. ಈ ಅಹವಾಲಿನಲ್ಲಿ ಸ್ವಲ್ಪ ಹೊಟ್ಟೆಕಿಚ್ಚಿದೆ, ಸ್ವಲ್ಪ ನಿಜವೂ ಇದೆ.

ಜಲಾಶಯಗಳು ಬಂದ ಮೇಲೆ ತಾರೀಖು ನಿವೃತ್ತಿ ಪಡೆಯಬಹುದಿತ್ತಲ್ಲ? ಈ ಪ್ರಶ್ನೆಗೆ ಅದು ಎಂಜಿನಿಯರಿನಂತೆಯೇ ಉತ್ತರಿಸಿತು. ಪ್ರವಾಹ ತಡೆಯಬೇಕಾದರೆ ಜಲಾಶಯದಲ್ಲಿ ಖಾಲಿ ಜಾಗ ಇರಬೇಕು. ಊರಿಗೆ ಕುಡಿಯುವ ನೀರು ಕೊಡಬೇಕಾದರೆ ಅದೇ ಜಲಾಶಯ ತುಂಬಿರಬೇಕು. ಉಸ್ಮಾನ್ ಸಾಗರ, ಹಿಮಾಯತ್ ಸಾಗರಗಳ ಹೆಗಲಿಗೆ ಎರಡೂ ಕೆಲಸ ಬಿದ್ದಿವೆ. ಮುಂಗಾರು ಚೆನ್ನಾಗಿ ಆದ ವರ್ಷ ಸೆಪ್ಟೆಂಬರ್ ಕೊನೆಗೆ ಎರಡೂ ತುಂಬಿ ನಿಂತಿರುತ್ತವೆ. ಆಗ ಕೊಲ್ಲಿಯಿಂದ ಒಂದು ವಾಯುಭಾರ ಕುಸಿತ ಬಂದರೆ ಗೇಟು ಎತ್ತುವುದು ಬಿಟ್ಟು ಬೇರೆ ದಾರಿಯಿಲ್ಲ. ಕೆಳಗೆ, 1908ರಲ್ಲಿ ನದಿ ಹರಡಿಕೊಂಡ ಜಾಗದಲ್ಲಿ, ಈಗ ಕಟ್ಟಡಗಳಿವೆ. 2025ರ ಸೆಪ್ಟೆಂಬರ್ 27ರ ಹೊತ್ತಿಗೆ ಹೀಗೆ ಬಿಟ್ಟ ನೀರು ನದಿಯ ನಡುಗಡ್ಡೆಯಲ್ಲಿರುವ ಮಹಾತ್ಮಾ ಗಾಂಧಿ ಬಸ್ ನಿಲ್ದಾಣಕ್ಕೆ ನುಗ್ಗಿತು. ಸಿಕ್ಕಿಕೊಂಡ ಪ್ರಯಾಣಿಕರನ್ನು ಹೊರಗೆ ತರಬೇಕಾಯಿತು, ಬಸ್ಸುಗಳನ್ನು ಬೇರೆ ಕಡೆಯಿಂದ ಬಿಡಬೇಕಾಯಿತು. ಈ ಸಲ ಹೆಸರು 27ರದೇ ಆದದ್ದಕ್ಕೆ ಸಮಾಧಾನವಾಯಿತೋ ಸಂಕಟವಾಯಿತೋ ಎಂಬುದನ್ನು ತಾರೀಖು ಬಿಟ್ಟುಕೊಡಲಿಲ್ಲ.

ದಾಖಲೆಯ ಪಟ್ಟಿಯಲ್ಲಿ ಏನು ತಿದ್ದಬೇಕೆಂದು ಕೇಳಿದ್ದಕ್ಕೆ ಅದರ ಬೇಡಿಕೆ ಒಂದೇ: ಇಸವಿ ಮತ್ತು ಮಿಲಿಮೀಟರಿನ ಮುಂದೆ ಇನ್ನೊಂದು ಕಾಲಂ ಬೇಕು, ಅದರಲ್ಲಿ ಮೇಲಿನ ಊರುಗಳ ಮಳೆ ಇರಬೇಕು. ಅಷ್ಟು ಅಗಲದ ಕಾಗದ ಕಚೇರಿಗಳಲ್ಲಿ ಸಿಗುವುದಿಲ್ಲವೆಂಬುದು ತಾರೀಖಿಗೂ ತಿಳಿದಿದೆ.

ಕೊನೆಯ ಪ್ರಶ್ನೆ, ಬರುವ ಸೆಪ್ಟೆಂಬರ್ 28ರ ಮಳೆಯ ಬಗ್ಗೆ. ತಾರೀಖು ಗಡಿಯಾರ ನೋಡಿಕೊಂಡಿತು. "ಅದನ್ನು 27ರ ಹತ್ತಿರ ಕೇಳಿ" ಎಂದಿತು.