ಲೈಟ್‌ಸಂಧಿ ಪ್ರಕರಣ: ‘ಇಲ್ಲ’ ಎನ್ನಲಾರದ ಎಂಜಿನ್ನಿಗೊಂದು ವ್ಯಾಕರಣ

ಪೀಠಿಕೆ

ಎರಡು ಪದಗಳು ಕಾಲವಿಳಂಬವಿಲ್ಲದೆ ಕೂಡಿದಾಗ ನಡುವೆ ಇದ್ದ ಅಕ್ಷರ ಬಿದ್ದುಹೋದರೆ ಅದು ಲೋಪಸಂಧಿ, ಇಲ್ಲದ ಅಕ್ಷರ ಬಂದು ಸೇರಿದರೆ ಆಗಮಸಂಧಿ, ಒಂದರ ಜಾಗದಲ್ಲಿ ಇನ್ನೊಂದು ಬಂದು ಕುಳಿತರೆ ಆದೇಶಸಂಧಿ. ಈ ಮೂರು ಹೆಸರುಗಳನ್ನು ಪರೀಕ್ಷೆಗೆಂದು ಬಾಯಿಪಾಠ ಮಾಡಿ ಮರುದಿನವೇ ಮರೆತವರಲ್ಲಿ ಹಲವರು ಮುಂದೆ ಸಾಫ್ಟ್‌ವೇರ್ ಕೆಲಸಕ್ಕೆ ಸೇರಿ, ತಮಗೇ ಅರಿವಿಲ್ಲದೆ ದಿನವಿಡೀ ಸಂಧಿಕಾರ್ಯದಲ್ಲಿಯೇ ತೊಡಗಿರುತ್ತಾರೆ. ವಿದ್ವತ್‌ಲೋಕವು ಈವರೆಗೆ ಕಡೆಗಣಿಸಿರುವ ಆ ಸಂಧಿಯನ್ನು ಸೂತ್ರ, ವೃತ್ತಿ, ಪ್ರಯೋಗಗಳ ಮೂಲಕ ನಿರೂಪಿಸುವುದು ಈ ಪ್ರಕರಣದ ಉದ್ದೇಶ. ಹದಿಮೂರನೆಯ ಶತಮಾನದ ಕೇಶಿರಾಜನು ‘ಶಬ್ದಮಣಿದರ್ಪಣ’ವನ್ನು ಸಂಧಿಪ್ರಕರಣದಿಂದಲೇ ಆರಂಭಿಸಿರುವುದರಿಂದ, ಈ ಪ್ರಯತ್ನಕ್ಕೆ ಪರಂಪರೆಯ ಬೆಂಬಲವೂ ಇದೆಯೆಂದು ಧೈರ್ಯವಾಗಿ ಹೇಳಬಹುದು.

ಇಲ್ಲಿ ಕೂಡುವ ಪದಗಳು ಎರಡು. ಪೂರ್ವಪದವು ಕ್ವೆರಿ ಲೈಬ್ರರಿ, ಅಂದರೆ ಪ್ರೋಗ್ರಾಮರ್ ತನಗೆ ಒಗ್ಗಿದ ಭಾಷೆಯಲ್ಲಿ ಬರೆದುದನ್ನು ಡೇಟಾಬೇಸಿಗೆ ಅರ್ಥವಾಗುವ ಎಸ್‌ಕ್ಯೂಎಲ್ ವಾಕ್ಯವನ್ನಾಗಿ ತಿರುಗಿಸಿಕೊಡುವ ದುಭಾಷಿ. ಒಮ್ಮೆ ಬರೆದರೆ ಯಾವ ಡೇಟಾಬೇಸಿನ ಜೊತೆಗಾದರೂ ನಡೆಯುತ್ತದೆಂಬುದು ಅದರ ಆಣೆ. ಉತ್ತರಪದವು ಎಸ್‌ಕ್ಯೂಲೈಟ್ ಎಂಬ ಹಗುರ ಎಂಜಿನ್. ಇದಕ್ಕೆ ಸರ್ವರ್ ಇಲ್ಲ, ಕಾವಲುಗಾರನಿಲ್ಲ, ಪಾಸ್‌ವರ್ಡ್ ಇಲ್ಲ. ಇಡೀ ಡೇಟಾಬೇಸು ಒಂದೇ ಕಡತದಲ್ಲಿ ಅಡಗಿ ಕುಳಿತಿರುತ್ತದೆ. ಅಮೆರಿಕದ ಡಿ. ರಿಚರ್ಡ್ ಹಿಪ್ ಎಂಬವರು ನೌಕಾಪಡೆಯ ಕ್ಷಿಪಣಿನೌಕೆಯೊಂದಕ್ಕೆ ಸಂಬಂಧಿಸಿದ ಕೆಲಸದಲ್ಲಿದ್ದಾಗ, ಡೇಟಾಬೇಸ್ ಸರ್ವರ್ ಕೈಕೊಟ್ಟರೂ ನಡೆಯುವ ವ್ಯವಸ್ಥೆಯೊಂದು ಬೇಕೆನಿಸಿ ಇದನ್ನು ರೂಪಿಸಿದರು. ಮೊದಲ ಆವೃತ್ತಿ 2000ದ ಆಗಸ್ಟ್‌ನಲ್ಲಿ ಹೊರಬಂದಿತು. ಯುದ್ಧನೌಕೆಗೆಂದು ಹುಟ್ಟಿದ್ದು ಈಗ ಪ್ರತಿ ಸ್ಮಾರ್ಟ್‌ಫೋನಿನ ಹೊಟ್ಟೆಯಲ್ಲಿಯೂ ಇದೆ; ಆದಕಾರಣ ಈ ವ್ಯಾಕರಣದ ಉತ್ತರಪದವನ್ನು ಓದುಗರು ಈಗಾಗಲೇ ಜೇಬಿನಲ್ಲಿ ಹೊತ್ತಿದ್ದಾರೆ.

ಪ್ರತಿ ಡೇಟಾಬೇಸಿನ ಎಸ್‌ಕ್ಯೂಎಲ್ ವೈಖರಿಗೆ ಲೈಬ್ರರಿಕಾರರು ಇಟ್ಟಿರುವ ಹೆಸರು ‘ಡಯಲೆಕ್ಟ್’, ಅಂದರೆ ಉಪಭಾಷೆ. ಧಾರವಾಡದವರೂ ಕುಂದಾಪುರದವರೂ ಒಂದೇ ಕನ್ನಡವನ್ನು ಆಡುತ್ತಾರೆಂದು ಜನಗಣತಿ ಹೇಳುವಂತೆ, ಎಲ್ಲ ಡೇಟಾಬೇಸುಗಳೂ ಒಂದೇ ಎಸ್‌ಕ್ಯೂಎಲ್ ಆಡುತ್ತವೆಂದು ಪಠ್ಯಪುಸ್ತಕ ಹೇಳುತ್ತದೆ. ಎರಡು ಮಾತೂ ನಿಜವೇ. ಆದರೆ ಊಟಕ್ಕೆ ಕುಳಿತು ಏನು ಬೇಕೆಂದು ಕೇಳಿದಾಗ ವ್ಯತ್ಯಾಸ ತಿಳಿಯುತ್ತದೆ.

ಸಂಜ್ಞಾಪ್ರಕರಣ

ಸೂತ್ರ 1: ಹೆಸರಿನೊಳಗೆ ‘ಇಂಟ್’ ಇದ್ದರೆ ಅದು ಪೂರ್ಣಾಂಕ, ಎಲ್ಲಿದ್ದರೂ ಆದೀತು.

ವೃತ್ತಿ: ಇತರ ಎಂಜಿನ್ನುಗಳಲ್ಲಿ ಕಾಲಮ್ಮಿನ ವಿಧ ಎಂಬುದು ಕಟ್ಟಳೆ, ಸಂಖ್ಯೆಯ ಕಾಲಮ್ಮಿಗೆ ಅಕ್ಷರ ತಂದರೆ ಬಾಗಿಲಲ್ಲೇ ತಡೆಯಲಾಗುತ್ತದೆ. ಎಸ್‌ಕ್ಯೂಲೈಟ್‌ನಲ್ಲಿ ಅದು ಬರಿಯ ಒಲವು. ಪೂರ್ಣಾಂಕದ ಕಾಲಮ್ಮಿಗೆ ‘ನಾಳೆ ಬನ್ನಿ’ ಎಂದು ಬರೆದರೂ ಎಂಜಿನ್ ಮುಖ ಗಂಟಿಕ್ಕದೆ ಅದನ್ನು ಹಾಗೆಯೇ ಇಟ್ಟುಕೊಳ್ಳುತ್ತದೆ. ಎಲ್ಲ ಮೌಲ್ಯವನ್ನೂ ಅಕ್ಷರಮಾಲೆಯೆಂದೇ ಕಾಣುವ ಟಿಕಲ್ ಎಂಬ ಭಾಷೆಯ ಮಡಿಲಲ್ಲಿ ಇದು ಬೆಳೆದುದರ ಸಂಸ್ಕಾರ ಇದೆಂದು ತಿಳಿಯತಕ್ಕದ್ದು. ಒಲವನ್ನು ನಿರ್ಧರಿಸುವ ಕ್ರಮವೂ ವಿಶಿಷ್ಟವಾದುದು. ವಿಧದ ಹೆಸರಿನ ಸ್ಪೆಲಿಂಗಿನಲ್ಲಿ ‘ಇಂಟ್’ ಎಂಬ ಮೂರು ಇಂಗ್ಲಿಷ್ ಅಕ್ಷರಗಳು ಎಲ್ಲಿಯಾದರೂ ಸಿಕ್ಕರೆ ಅದು ಪೂರ್ಣಾಂಕ. ಇಲ್ಲವಾದರೆ ‘ಚಾರ್’, ‘ಕ್ಲಾಬ್’ ಅಥವಾ ‘ಟೆಕ್ಸ್ಟ್’ ಸಿಕ್ಕರೆ ಪಠ್ಯ. ಹೀಗೆ ನಾಲ್ಕು ನಿಯಮಗಳನ್ನು ದಾಟಿಯೂ ಯಾವುದಕ್ಕೂ ಸಿಗದ ಹೆಸರು ಕೊನೆಗೆ ‘ನ್ಯೂಮರಿಕ್’ ಎಂಬ ಸಂಖ್ಯಾಗಣಕ್ಕೆ ಸೇರುತ್ತದೆ.

ಪ್ರಯೋಗ: ‘ಫ್ಲೋಟಿಂಗ್ ಪಾಯಿಂಟ್’ ಎಂದರೆ ದಶಮಾಂಶವೆಂದು ಲೋಕಪ್ರಸಿದ್ಧಿ. ಆದರೆ ಎಂಜಿನ್ ಅದರ ಬಾಲದಲ್ಲಿ ‘ಇಂಟ್’ ಕಂಡು, ಪೂರ್ಣಾಂಕದ ಒಲವನ್ನು ದಯಪಾಲಿಸುತ್ತದೆ. ಕನ್ನಡ ವೈಯಾಕರಣರು ಇದರಲ್ಲಿ ಯಾವ ದೋಷವನ್ನೂ ಕಾಣಲಾರರು: ಪಾ + ಇಂಟ್ = ಪಾಯಿಂಟ್, ಯಕಾರಾಗಮ ಸಂಧಿ. ಅದೃಷ್ಟವಶಾತ್ ಆ ಕಾಲಮ್ಮಿಗೆ 3.5 ಹಾಕಿದರೆ ಅದು 3.5 ಆಗಿಯೇ ಉಳಿಯುತ್ತದೆ, ಏಕೆಂದರೆ ಒಲವು ಬಲವಂತವಲ್ಲ. ‘ಸ್ಟ್ರಿಂಗ್’ ಎಂದು ಬರೆದವರಿಗೆ ಆ ಅದೃಷ್ಟವಿಲ್ಲ. ಸ್ಟ್ರಿಂಗ್ ಎಂದರೆ ಪಠ್ಯವೆಂದು ಪ್ರೋಗ್ರಾಮರ್ ನಂಬಿದ್ದರೂ ಆ ನಾಲ್ಕು ನಿಯಮಗಳಲ್ಲಿ ಈ ಹೆಸರಿಗೆ ಜಾಗವಿಲ್ಲದ ಕಾರಣ ಅದು ಸಂಖ್ಯೆಯ ಪಾಲಾಗಿ, ಬೆಂಗಳೂರಿನ ಎಸ್‌ಟಿಡಿ ಕೋಡ್ 080 ಎಂಬುದು 80 ಆಗಿ ಹೊರಬರುತ್ತದೆ. ಸೊನ್ನೆಗೆ ಬೆಲೆಯಿಲ್ಲವೆಂಬ ಲೋಕೋಕ್ತಿಯನ್ನು ಇಷ್ಟು ಶ್ರದ್ಧೆಯಿಂದ ಪಾಲಿಸಿದವರು ವಿರಳ.

ಲೋಪಪ್ರಕರಣ

ಸೂತ್ರ 2: ಎಂಜಿನ್ನಿಗೆ ತಿಳಿಯದ ಪದ ಸದ್ದಿಲ್ಲದೆ ಲೋಪವಾಗುವುದು.

ವೃತ್ತಿ: ಊರು + ಅಲ್ಲಿ ಎಂಬುದು ಊರಲ್ಲಿ ಆದಾಗ ಬಿದ್ದುಹೋದ ಉಕಾರಕ್ಕಾಗಿ ಯಾರೂ ಶೋಕಿಸುವುದಿಲ್ಲ. ಹಾಗೆಯೇ ‘ಫಾರ್ ಅಪ್‌ಡೇಟ್’ ಎಂಬ ಪದಗುಚ್ಛವು ಎಸ್‌ಕ್ಯೂಲೈಟ್‌ಗೆ ಹೋಗುವ ವಾಕ್ಯದಿಂದ ಉದುರುತ್ತದೆ. ಓದುತ್ತಿರುವ ಸಾಲನ್ನು ತಿದ್ದಲಿರುವುದರಿಂದ ಅಲ್ಲಿಯವರೆಗೆ ಬೇರೆ ಯಾರೂ ಅದನ್ನು ಮುಟ್ಟಬಾರದೆಂದು ಆ ಸಾಲಿಗಷ್ಟೇ ಬೀಗ ಹಾಕುವುದು ಇದರ ಅರ್ಥ. ಎಸ್‌ಕ್ಯೂಲೈಟ್‌ನಲ್ಲಿ ಸಾಲಿಗೊಂದು ಬೀಗವಿಲ್ಲ. ಬರೆಯುವವರು ಒಂದು ಹೊತ್ತಿಗೆ ಒಬ್ಬರೇ, ಬೀಗವೇನಿದ್ದರೂ ಇಡೀ ಮನೆಗೆ. ಆದಕಾರಣ ಜ್ಯಾಂಗೊ, ಎಸ್‌ಕ್ಯೂಎಲ್‌ಆಲ್ಕೆಮಿ ಎಂಬ ಎರಡು ಪ್ರಸಿದ್ಧ ಪೈಥಾನ್ ಲೈಬ್ರರಿಗಳೂ ಆ ಪದಗುಚ್ಛವನ್ನು ಮೌನವಾಗಿ ಕೈಬಿಡುತ್ತವೆ.

ಆದರೆ ಅರ್ಥ ಕೆಡದಿದ್ದಾಗ ಮಾತ್ರ ಲೋಪ ಸಾಧುವೆಂಬ ಷರತ್ತನ್ನು ಇಲ್ಲಿ ನೆನೆಯಬೇಕು. ಇಬ್ಬರು ಒಟ್ಟಿಗೆ ಓದಲಾರಂಭಿಸಿ, ಒಟ್ಟಿಗೆ ಬರೆಯಹೊರಟರೆ, ಒಬ್ಬರ ಕೆಲಸ ನಡೆದು ಇನ್ನೊಬ್ಬರಿಗೆ ‘ಡೇಟಾಬೇಸ್ ಈಸ್ ಲಾಕ್ಡ್’ ಎಂಬ ಉತ್ತರ ಸಿಗುತ್ತದೆ. ಅಂಥ ಸಂದರ್ಭದಲ್ಲಿ ಎಷ್ಟು ಹೊತ್ತು ಕಾಯುತ್ತೇನೆಂದು ಮೊದಲೇ ಹೇಳಿಟ್ಟಿದ್ದರೂ ಪ್ರಯೋಜನವಿಲ್ಲ. ಪರಿಹಾರವೆಂದರೆ ವಹಿವಾಟನ್ನು ‘ಬಿಗಿನ್ ಇಮ್ಮೀಡಿಯೆಟ್’ ಎಂದು, ಬರೆಯುವ ಹಕ್ಕನ್ನು ಮೊದಲೇ ಕೇಳಿ ಪಡೆದು ಆರಂಭಿಸುವುದು. ವಾಕ್ಯದ ತುದಿಯಲ್ಲಿ ಲೋಪವಾದುದಕ್ಕೆ ವಹಿವಾಟಿನ ತಲೆಯಲ್ಲಿ ಆಗಮ ಮಾಡಿ ಸರಿತೂಗಿಸಬೇಕಾದ ಈ ಪ್ರಸಂಗವು ಸಾಂಪ್ರದಾಯಿಕ ವ್ಯಾಕರಣಗಳಲ್ಲಿ ಕಾಣಸಿಗದು.

ಆಗಮಪ್ರಕರಣ

ಸೂತ್ರ 3: ಬಿಡುವ ಮುನ್ನ ಮಿತಿ ಬೇಕು, ಮಿತಿಯಿಲ್ಲದವರಿಗೆ ಮೈನಸ್ ಒಂದು.

ವೃತ್ತಿ: ‘ಮೊದಲ ಹತ್ತು ಸಾಲು ಬಿಟ್ಟು ಉಳಿದದ್ದೆಲ್ಲ ಕೊಡು’ ಎಂಬುದು ಸಹಜವಾದ ಕೋರಿಕೆ. ಬಿಡುವುದಕ್ಕೆ ‘ಆಫ್‌ಸೆಟ್’, ಇಷ್ಟೇ ಸಾಕೆನ್ನುವುದಕ್ಕೆ ‘ಲಿಮಿಟ್’ ಎಂಬ ಪದಗಳಿವೆ. ಎಸ್‌ಕ್ಯೂಲೈಟ್‌ನ ವ್ಯಾಕರಣದಲ್ಲಿ ಲಿಮಿಟ್ ಇಲ್ಲದೆ ಆಫ್‌ಸೆಟ್ ಒಂಟಿಯಾಗಿ ಬರಕೂಡದು. ಆಗ ಲೈಬ್ರರಿಯು ಮನೆ + ಅನ್ನು ಎಂಬಲ್ಲಿ ಯಕಾರ ನುಸುಳಿ ‘ಮನೆಯನ್ನು’ ಆಗುವಂತೆ, ‘ಲಿಮಿಟ್ -1’ ಎಂಬುದನ್ನು ನಡುವೆ ತೂರಿಸುತ್ತದೆ. ಋಣಸಂಖ್ಯೆಯ ಮಿತಿಯೆಂದರೆ ಮಿತಿಯೇ ಇಲ್ಲವೆಂದು ಎಂಜಿನ್ ತಿಳಿಯುತ್ತದೆ. ಯಕಾರಕ್ಕೆ ಇರುವಷ್ಟೇ ಅರ್ಥ ಇದಕ್ಕೂ ಇದೆ, ಅಂದರೆ ಏನೂ ಇಲ್ಲ; ಉಚ್ಚಾರಣೆಯ ಸೌಕರ್ಯಕ್ಕಾಗಿ ಬಂದದ್ದು.

ಸೂತ್ರ 4: ಸಂಬಂಧವನ್ನು ಪ್ರತಿ ಭೇಟಿಯಲ್ಲೂ ನೆನಪಿಸತಕ್ಕದ್ದು.

ವೃತ್ತಿ: ಇಲ್ಲದ ತರಗತಿಗೆ ವಿದ್ಯಾರ್ಥಿಯನ್ನು ಸೇರಿಸಲಾಗದಂತೆ ಎರಡು ಕೋಷ್ಟಕಗಳ ನಡುವೆ ಕಟ್ಟುವ ಗಂಟಿಗೆ ‘ಫಾರಿನ್ ಕೀ’ ಎನ್ನುತ್ತಾರೆ. ಎಸ್‌ಕ್ಯೂಲೈಟ್ ಈ ಗಂಟನ್ನು ಬರೆದಿಟ್ಟುಕೊಳ್ಳುತ್ತದೆಯೇ ಹೊರತು, ಕೇಳದೆ ಪಾಲಿಸುವುದಿಲ್ಲ. 2009ರಲ್ಲಿ ಪಾಲಿಸುವ ಸಾಮರ್ಥ್ಯ ಬಂದರೂ, ಅಷ್ಟರಲ್ಲಿ ಅದಿಲ್ಲದೆಯೇ ನಡೆದುಕೊಂಡು ಬಂದಿದ್ದ ಹಳೆಯ ಪ್ರೋಗ್ರಾಮುಗಳು ಮುರಿಯಬಾರದೆಂದು ಅದನ್ನು ಆರಿಸಿಯೇ ಇಡಲಾಗಿದೆ. ‘ಪ್ರಾಗ್ಮಾ’ ಎಂಬ ವಿಶೇಷ ಆಜ್ಞೆಯ ಮೂಲಕ ಪ್ರತಿ ಸಂಪರ್ಕದಲ್ಲಿಯೂ ಅದನ್ನು ಹೊಸದಾಗಿ ಹಚ್ಚಬೇಕು. ಇಲ್ಲಿ ಮತಭೇದವುಂಟು. ಕೇಳಲಿ ಬಿಡಲಿ, ಲೈಬ್ರರಿಯೇ ಹಚ್ಚಬೇಕೆಂಬುದು ಜ್ಯಾಂಗೊ ಮತ; ಬೇಕಾದವರು ತಾವೇ ಹಚ್ಚಿಕೊಳ್ಳಲೆಂಬುದು ಎಸ್‌ಕ್ಯೂಎಲ್‌ಆಲ್ಕೆಮಿ ಮತ. ಎರಡನೆಯ ಮತದಲ್ಲಿದ್ದುಕೊಂಡು ಮೊದಲನೆಯ ಮತದಲ್ಲಿದ್ದೇವೆಂದು ಭಾವಿಸಿದವರ ಡೇಟಾಬೇಸಿನಲ್ಲಿ, ತರಗತಿಯೇ ಇಲ್ಲದ ವಿದ್ಯಾರ್ಥಿಗಳು ವರ್ಷಗಟ್ಟಲೆ ಹಾಜರಿ ಹಾಕಿಸಿಕೊಳ್ಳಬಲ್ಲರು.

ಆದೇಶಪ್ರಕರಣ

ಸೂತ್ರ 5: ಇಲ್ಲದ ವಿಧಕ್ಕೆ ಇರುವ ವಿಧವು ಆದೇಶವಾಗಿ ಬರುವುದು.

ವೃತ್ತಿ: ಮಳೆ + ಕಾಲ ಎಂಬಲ್ಲಿ ಕಕಾರಕ್ಕೆ ಗಕಾರ ಬಂದು ‘ಮಳೆಗಾಲ’ವಾಗುವಂತೆ, ಸತ್ಯಕ್ಕೆ 1, ಅಸತ್ಯಕ್ಕೆ 0 ಆದೇಶವಾಗುತ್ತವೆ. ದಿನಾಂಕವೆಂಬ ವಿಧವೇ ಇಲ್ಲದಿರುವುದರಿಂದ ಅದು ಪಠ್ಯವಾಗಿಯೋ, 1970ರಿಂದೀಚಿನ ಸೆಕೆಂಡುಗಳ ಎಣಿಕೆಯಾಗಿಯೋ, ಜೂಲಿಯನ್ ದಿನಸಂಖ್ಯೆಯಾಗಿಯೋ ವೇಷ ಮರೆಸಿಕೊಂಡಿರುತ್ತದೆ. ಹಣದ ಲೆಕ್ಕಕ್ಕೆ ಬೇಕಾದ ನಿಖರ ದಶಮಾಂಶವೂ ಇಲ್ಲ. 0.1 ಮತ್ತು 0.2 ಕೂಡಿದರೆ 0.3ಕ್ಕೆ ಸಮವೇ ಎಂದು ಕೇಳಿದರೆ ಎಂಜಿನ್ 0, ಅಂದರೆ ‘ಅಲ್ಲ’, ಎನ್ನುತ್ತದೆ. ದಶಮಾಂಶವನ್ನು ದ್ವಿಮಾನದಲ್ಲಿ ಇಡುವ ಯಂತ್ರಗಳೆಲ್ಲಕ್ಕೂ ಸಾಮಾನ್ಯವಾದ ಈ ಕುಂದಿಗೆ ಮದ್ದೆಂದರೆ, ರೂಪಾಯಿಯನ್ನು ಮರೆತು ಪೈಸೆಯಲ್ಲಿ ಪೂರ್ಣಾಂಕವಾಗಿ ಬರೆದಿಡುವುದು. ಅಂಗಡಿಗಳು ಕೈಬಿಟ್ಟ ಪೈಸೆಗೆ ಹೀಗೆ ಡೇಟಾಬೇಸಿನಲ್ಲಿ ಪುನರ್ಜನ್ಮ ದೊರೆತಿದೆ.

ಸೂತ್ರ 6: ಗೋಡೆ ಕದಲಿಸಲು ಮನೆಯನ್ನೇ ಹೊಸದಾಗಿ ಕಟ್ಟತಕ್ಕದ್ದು.

ವೃತ್ತಿ: ಕೋಷ್ಟಕದ ರಚನೆ ಬದಲಿಸುವ ‘ಆಲ್ಟರ್ ಟೇಬಲ್’ ಆಜ್ಞೆ ಇಲ್ಲಿ ಅಲ್ಪಪ್ರಾಣವಾದುದು. ಕಾಲಮ್ಮಿನ ಹೆಸರು ಬದಲಿಸುವ ಶಕ್ತಿ ಅದಕ್ಕೆ 2018ರಲ್ಲಿ, ಕಾಲಮ್ಮನ್ನು ಕಿತ್ತುಹಾಕುವ ಶಕ್ತಿ 2021ರಲ್ಲಿ ಬಂದವು. ಕಾಲಮ್ಮಿನ ವಿಧ ಬದಲಿಸುವುದು ಇನ್ನೂ ಒಲಿದಿಲ್ಲ. ಆದಕಾರಣ ಲೈಬ್ರರಿಯು ಹೊಸ ರಚನೆಯ ಕೋಷ್ಟಕವೊಂದನ್ನು ಕಟ್ಟಿ, ಹಳೆಯದರ ಸಾಲುಗಳನ್ನೆಲ್ಲ ಅದಕ್ಕೆ ಸಾಗಿಸಿ, ಹಳೆಯದನ್ನು ಕೆಡವಿ, ಹೊಸದಕ್ಕೆ ಹಳೆಯ ಹೆಸರಿನ ಬೋರ್ಡು ತಗುಲಿಸುತ್ತದೆ. ಒಂದು ಕಾಲಮ್ಮಿಗೆ ನಡೆದ ಶಾಂತಿಯಲ್ಲಿ ಲಕ್ಷಾಂತರ ಸಾಲುಗಳು ಮನೆ ಬದಲಿಸುತ್ತವೆ.

ಇಲ್ಲಿಯೇ ಸೂತ್ರಗಳ ನಡುವೆ ಜಗಳ ಹುಟ್ಟುತ್ತದೆ. ಸೂತ್ರ 4ರಂತೆ ಫಾರಿನ್ ಕೀ ಹಚ್ಚಿದ್ದು, ತರಗತಿ ಹೋದರೆ ವಿದ್ಯಾರ್ಥಿಯೂ ಹೋಗಲೆಂಬ ಷರತ್ತು ಇದ್ದರೆ, ಸೂತ್ರ 6ರಂತೆ ಹಳೆಯ ‘ತರಗತಿ’ ಕೋಷ್ಟಕವನ್ನು ಕೆಡವಿದ ಕ್ಷಣದಲ್ಲಿ ಎಂಜಿನ್ ಅದರ ಸಾಲುಗಳನ್ನು ಮೊದಲು ಅಳಿಸಿ, ಜೊತೆಗೆ ವಿದ್ಯಾರ್ಥಿಗಳನ್ನೂ ಅಳಿಸುತ್ತದೆ. ಆದ್ದರಿಂದ ಕೆಡವುವ ಮುನ್ನ ಹಚ್ಚಿದ್ದನ್ನು ಆರಿಸಬೇಕು. ಆದರೆ ವಹಿವಾಟು ಆರಂಭವಾದ ಮೇಲೆ ಆರಿಸು ಎಂದರೆ ಎಂಜಿನ್ ಆಜ್ಞೆಯನ್ನು ಕೇಳಿಸಿಕೊಂಡು, ದೋಷವನ್ನೂ ತೋರದೆ, ಸುಮ್ಮನಿದ್ದುಬಿಡುತ್ತದೆ. ಆರಿಸಿ, ನಂತರ ವಹಿವಾಟು ತೆರೆದು, ಕಟ್ಟಿ, ಸಾಗಿಸಿ, ಕೆಡವಿ, ಹೆಸರಿಟ್ಟು, ಮುಚ್ಚಿ, ಮತ್ತೆ ಹಚ್ಚುವ ಈ ಕ್ರಮದಲ್ಲಿ ಒಂದು ಹೆಜ್ಜೆ ಹಿಂದುಮುಂದಾದರೂ ಶಾಲೆ ಖಾಲಿ. ಎರಡು ಸೂತ್ರಗಳು ಘರ್ಷಿಸಿದಾಗ ಯಾವುದು ಬಲವತ್ತರವೆಂಬ ಪಾಣಿನೀಯರ ಹಳೆಯ ಚರ್ಚೆ ಇಷ್ಟು ಜರೂರಿನದೆಂದು ಅದನ್ನು ಆರಂಭಿಸಿದವರಿಗೂ ಹೊಳೆದಿರಲಾರದು.

ಕನ್ನಡಪ್ರಯೋಗ ಪ್ರಕರಣ

ಕನ್ನಡದ ದತ್ತಾಂಶವನ್ನು ಇಟ್ಟುಕೊಂಡವರಿಗೆ ಎರಡು ವಿಶೇಷ ವಿಧಿಗಳಿವೆ. ಮೊದಲನೆಯದಾಗಿ, ‘ಕನ್ನಡ’ ಎಂಬ ಪದದ ಉದ್ದವೆಷ್ಟೆಂದು ಕೇಳಿದರೆ ಎಂಜಿನ್ 5 ಎನ್ನುತ್ತದೆ. ಮೂರು ಅಕ್ಷರವೆಂದು ಬಾಲವಾಡಿಯ ಮಗುವೂ ಬಲ್ಲದಾದರೂ, ಯೂನಿಕೋಡ್ ಸಂಕೇತಗಳನ್ನು ಎಣಿಸುವ ಎಂಜಿನ್ನಿಗೆ ಕ, ನ, ಹಲಂತಚಿಹ್ನೆ, ಮತ್ತೊಂದು ನ, ಡ ಎಂದು ಐದು ಕಾಣುತ್ತವೆ. ಎರಡನೆಯದಾಗಿ, ಅಕಾರಾದಿ ಕ್ರಮದಲ್ಲಿ ಕೊಡು ಎಂದರೆ ಅದು ‘ಹಳ್ಳಿ’ಯನ್ನು ‘ಹವಳ’ಕ್ಕಿಂತ ಮೊದಲು ಕೊಡುತ್ತದೆ. ನಿಘಂಟುಗಳಲ್ಲಿ ಳಕಾರ ವರ್ಣಮಾಲೆಯ ಕೊನೆಯಲ್ಲಿದ್ದು ‘ಹವಳ’ ಮೊದಲು ಬರಬೇಕು. ಯೂನಿಕೋಡ್ ಪಟ್ಟಿಯಲ್ಲಾದರೋ ಳಕಾರವು ಲಕಾರದ ಪಕ್ಕದಲ್ಲೇ ವಕಾರಕ್ಕಿಂತ ಮುಂಚೆ ಕುಳಿತಿದೆ, ಎಂಜಿನ್ ಬೈಟುಗಳನ್ನಷ್ಟೇ ಹೋಲಿಸಿ ಸಾಲು ನಿಲ್ಲಿಸುತ್ತದೆ. ಸರಿಯಾದ ಕ್ರಮ ಬೇಕಿದ್ದರೆ ಹೋಲಿಸುವ ವಿಧಾನವನ್ನು ಲೈಬ್ರರಿಯ ಕಡೆಯಿಂದಲೇ ಬರೆದು ಒಪ್ಪಿಸಬೇಕು. ದೊಡ್ಡಕ್ಷರ, ಚಿಕ್ಕಕ್ಷರಗಳ ಭೇದವನ್ನು ಇಂಗ್ಲಿಷ್ ಅಕ್ಷರಗಳಲ್ಲಿ ಮಾತ್ರ ಮರೆಯಬಲ್ಲ ಅದರ ಇನ್ನೊಂದು ಕುಂದು ಮಾತ್ರ ಕನ್ನಡಿಗರನ್ನು ತಟ್ಟುವುದಿಲ್ಲ, ಏಕೆಂದರೆ ಕನ್ನಡದಲ್ಲಿ ಎಲ್ಲ ಅಕ್ಷರಗಳೂ ಸಮಾನರು.

ಪ್ರಕೃತಿಭಾವ ಪ್ರಕರಣ

ಸಂಧಿ ಮಾಡಬಾರದ ಸ್ಥಳಗಳೂ ಉಂಟು. ‘ಅಯ್ಯೋ ಇದೇನು’ ಎಂಬಲ್ಲಿ ಭಾವಸೂಚಕದ ಮುಂದೆ ಸಂಧಿಯಾಗದೆ ಪದಗಳು ಇದ್ದಂತೆಯೇ ಉಳಿಯುವುದಕ್ಕೆ ಪ್ರಕೃತಿಭಾವವೆಂದು ಹೆಸರು. ಪ್ರೋಗ್ರಾಮರ್ ‘ಅಯ್ಯೋ’ ಎನ್ನುವ ಸ್ಥಳವೊಂದು ಇಲ್ಲಿಯೂ ಇದೆ.

ಎಸ್‌ಕ್ಯೂಎಲ್‌ನಲ್ಲಿ ಒಂಟಿ ಉದ್ಧರಣಚಿಹ್ನೆಯೊಳಗೆ ಇರುವುದು ಪಠ್ಯ, ಜೋಡಿ ಚಿಹ್ನೆಯೊಳಗೆ ಇರುವುದು ಕಾಲಮ್ಮಿನ ಹೆಸರು. ಎಸ್‌ಕ್ಯೂಲೈಟ್ ಹುಟ್ಟಿದ ಕಾಲದಲ್ಲಿ ಬಳಕೆಯಲ್ಲಿದ್ದ ಮೈಎಸ್‌ಕ್ಯೂಎಲ್ ಈ ಭೇದ ಮಾಡುತ್ತಿರಲಿಲ್ಲವಾದ್ದರಿಂದ, ಅದಕ್ಕೆ ಹೊಂದಿಕೊಳ್ಳಲೆಂದು ಒಂದು ಔದಾರ್ಯವನ್ನು ಸೇರಿಸಲಾಯಿತು: ಜೋಡಿ ಚಿಹ್ನೆಯೊಳಗಿನ ಹೆಸರಿನ ಕಾಲಮ್ ಇಲ್ಲವಾದರೆ ಅದನ್ನು ಪಠ್ಯವೆಂದೇ ತಿಳಿಯುವುದು. ತಪ್ಪೆಂದು ಅದರ ಕರ್ತೃಗಳೇ ಈಗ ಒಪ್ಪಿದ್ದು, ಬೇಡದವರು ಆರಿಸುವ ಸೌಲಭ್ಯವನ್ನೂ 2019ರಲ್ಲಿ ಕೊಟ್ಟಿದ್ದಾರೆ; ಕೊಟ್ಟ ಮಾತನ್ನು ಮುರಿಯಲಾಗದೆಂದು ತೆಗೆದುಹಾಕಿಲ್ಲ. ವಿಧಗಳನ್ನು ಬಿಗಿಯಾಗಿ ಪಾಲಿಸುವ ‘ಸ್ಟ್ರಿಕ್ಟ್’ ಕೋಷ್ಟಕಗಳು 2021ರಲ್ಲಿ ಬಂದಾಗಲೂ ಕೇಳಿದವರಿಗೆ ಮಾತ್ರವೆಂದೇ ಬಂದವು. ಹಿಂದಿನ ಎಲ್ಲ ಸೂತ್ರಗಳ ಮೂಲ ಇದೇ: ಬಂದವರಿಗೆಲ್ಲ ‘ಆಯಿತು’ ಎಂದ ಎಂಜಿನ್, ಆ ಆಯಿತುಗಳನ್ನು ಕಾಲು ಶತಮಾನದಿಂದ ಉಳಿಸಿಕೊಂಡು ಬರುತ್ತಿದೆ. ಅದು ಹೇಳದೆ ಬಿಟ್ಟ ‘ಇಲ್ಲ’ಗಳನ್ನು ಹೇಳುವ ಕೆಲಸವೇ ಲೈಬ್ರರಿಯ ಪಾಲಿಗೆ ಉಳಿದದ್ದು.

ಪ್ರಯೋಗ: ‘ವಿದ್ಯಾರ್ಥಿ’ ಕೋಷ್ಟಕದಿಂದ "ಹೆಸರು" ಎಂಬ ಕಾಲಮ್ಮನ್ನು ಕೇಳುವಾಗ ಕೈತಪ್ಪಿ "ಹಸರು" ಎಂದು ಬಿದ್ದಿತೆನ್ನೋಣ. ನಲವತ್ತು ವಿದ್ಯಾರ್ಥಿಗಳಿದ್ದರೆ, ದೋಷವಿಲ್ಲದೆ, ವಿಳಂಬವಿಲ್ಲದೆ, ನಲವತ್ತು ಸಾಲುಗಳಲ್ಲಿಯೂ ‘ಹಸರು’ ಎಂಬ ಉತ್ತರ ಬರುತ್ತದೆ. ಅದೇ ಹೆಸರನ್ನು ಕೋಷ್ಟಕದ ಹೆಸರಿನೊಡನೆ, "ವಿದ್ಯಾರ್ಥಿ"."ಹಸರು" ಎಂದು, ಎರಡನ್ನೂ ಸಂಧಿ ಮಾಡದೆ ನಡುವೆ ಬಿಂದುವಿಟ್ಟು ಕೇಳಿದರೆ ಔದಾರ್ಯಕ್ಕೆ ಎಡೆ ಸಿಗುವುದಿಲ್ಲ. ಇದೇ ಈ ಪ್ರಕರಣದ ಕೊನೆಯ ಸೂತ್ರ: ಮನೆತನದ ಹೆಸರು ಹಿಡಿದು ಕೇಳತಕ್ಕದ್ದು. ಹಾಗೆ ಕೇಳಿದಾಗ ಮಾತ್ರ ಎಂಜಿನ್ ತಡವರಿಸದೆ, ‘ನೋ ಸಚ್ ಕಾಲಮ್’, ಅಂಥದ್ದೊಂದು ಇಲ್ಲ, ಎನ್ನುತ್ತದೆ.